ಮೂರು ಕೂಡಿಸು ಎರಡು

ಮಹಡಿಯ ಹೊಗೆ ಅಲಾರಂ ನಿಮಿಷಕ್ಕೊಮ್ಮೆ ಕೀಚ್ ಎನ್ನಲು ಶುರುಮಾಡಿ ಎರಡು ದಿನವಾಗಿತ್ತು. ಬ್ಯಾಟರಿ ಮುಗಿದಿದೆ, ಬದಲಿಸಿ ಎಂಬುದು ಅದರ ಗೋಳು. ಅಂಥದ್ದನ್ನು ಎರಡು ದಿನ ಸಹಿಸಿಕೊಂಡವನು ಒಂದೋ ಕಿವುಡನಾಗಿರಬೇಕು, ಇಲ್ಲ ನನ್ನಂಥ ಸೋಮಾರಿಯಾಗಿರಬೇಕು. ಮೂರನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಶೈಲಾ, "ನೀವು ಬ್ಯಾಟರಿ ಹಾಕ್ತೀರೋ, ನಾನು ಸುತ್ತಿಗೆ ತಗೊಂಡು ಮೇಲೆ ಹೋಗ್ಲೋ?" ಎಂದು ಕೇಳಿದಳು. ಬ್ಯಾಟರಿ ಹುಡುಕಲೆಂದು ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದೆ.

ಪರದೇಶಕ್ಕೆ ಬಂದು ನಾವು ನೆಲೆಸಿರುವ ನೇಪರ್‌ವಿಲ್ಲಿನಲ್ಲಿ ನಮ್ಮವರ ಯಾವ ಮನೆಗೆ ಹೋದರೂ ಇಂಥದ್ದೊಂದು ಡ್ರಾಯರ್ ಇರುತ್ತದೆ. ಹೋಟೆಲಿನಿಂದ ಊಟ ತಂದಾಗ ಜೊತೆಗೆ ಬಂದ ಸಾಸ್ ಪೊಟ್ಟಣಗಳು, ದಿನ ಮೀರಿದ ಕೂಪನ್ನುಗಳು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಮೂರು ಬೀಗದ ಕೈ, ಲೆಮಾಂಟ್ ದೇವಸ್ಥಾನದ ಕುಂಕುಮ. ಬಿಸಾಡಲು ಮನಸ್ಸು ಬಾರದ ಎಲ್ಲವೂ ಅಲ್ಲಿ ಸೇರುತ್ತವೆ. ಬೇಕಾದದ್ದು ಮಾತ್ರ ಎಂದೂ ಸಿಗುವುದಿಲ್ಲ. ಅವತ್ತೂ ಬ್ಯಾಟರಿ ಸಿಗಲಿಲ್ಲ, ನಮ್ಮ ಮನೆಯ ಪಾಸ್‌ವರ್ಡ್ ಪುಸ್ತಕ ಸಿಕ್ಕಿತು.

ನಗಬೇಡಿ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂದು ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವನೇ ನಾನು. ಮನೆಯಲ್ಲಿ ಮಾತ್ರ ಕರೆಂಟು, ಗ್ಯಾಸು, ಲೈಬ್ರರಿ, ಹಲ್ಲಿನ ಡಾಕ್ಟರು ಎಲ್ಲದರದ್ದೂ ಕೆಂಪು ರಟ್ಟಿನ ಆ ನೋಟ್‌ಬುಕ್ಕಿನಲ್ಲಿದೆ. ಎಲ್ಲವೂ ದೇವರ ಹೆಸರುಗಳೇ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಕಂಪನಿಗಳು ಪೀಡಿಸಿದಾಗ ಬೇರೆಯವರು ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಮುಕ್ಕೋಟಿ ದೇವತೆಗಳಿದ್ದಾರೆ, ಚಿಂತೆಯಿಲ್ಲ. ಸುಮ್ಮನೆ ಪುಟ ತಿರುವುತ್ತ ಹೋದವನಿಗೆ "ನಿಧಿ, ಕಾಲೇಜು" ಎಂಬ ಪುಟ ಎದುರಾಯಿತು. ನಿಧಿ ನಮ್ಮ ಒಬ್ಬಳೇ ಮಗಳು. ಕೆಳಗೆ ಚಾಮುಂಡಿ, ಪಕ್ಕದಲ್ಲಿ ಅವಳು ಹುಟ್ಟಿದ ವರ್ಷ. ಮೇಲೆ ಅಲಾರಂ ಅರಚುತ್ತಲೇ ಇತ್ತು. ನಾನು ಡ್ರಾಯರಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ನಿಧಿ ಹೈಸ್ಕೂಲ್ ಮುಗಿಸಿದ ವರ್ಷ ನೇರವಾಗಿ ಎಂಜಿನಿಯರಿಂಗಿಗೆ ಸೀಟು ಸಿಗಲಿಲ್ಲ. ನಮ್ಮ ಬಡಾವಣೆಯ ಉಳಿದ ಭಾರತೀಯ ಮಕ್ಕಳಿಗೆಲ್ಲ ಸಿಕ್ಕಿತು. ಒಂದು ವಾರ ನಾನು ಕಸದ ಡಬ್ಬಿಯನ್ನು ರಸ್ತೆಗೆ ಇಡಲು ಹೋಗುವಾಗಲೂ ಯಾರೂ ಹೊರಗಿಲ್ಲ ಎಂದು ಕಿಟಕಿಯಿಂದ ನೋಡಿಕೊಂಡೇ ಹೋಗುತ್ತಿದ್ದೆ. ಆಗ ಅವಳ ಸ್ಕೂಲಿನ ಕೌನ್ಸೆಲರಮ್ಮ ಒಂದು ದಾರಿ ತೋರಿಸಿದರು. ಮನೆಯಿಂದ ನಲವತ್ತು ನಿಮಿಷ ದೂರದಲ್ಲಿ ಒಂದು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿದೆ. ಮೂರು ವರ್ಷ ಅಲ್ಲಿ ಫಿಸಿಕ್ಸ್ ಓದುವುದು, ಜೊತೆಗೆ ಇತಿಹಾಸ, ಸಾಹಿತ್ಯ, ಸಂಗೀತ ಏನು ಬೇಕಾದರೂ. ಮಾರ್ಕ್ಸ್ ಚೆನ್ನಾಗಿದ್ದರೆ ಕೊನೆಯ ಎರಡು ವರ್ಷ ಡೆಟ್ರಾಯಿಟ್ ಕಡೆಯ ಎಂಜಿನಿಯರಿಂಗ್ ಯೂನಿವರ್ಸಿಟಿಗೆ ಹೋಗುವುದು. ಮೂರು ಕೂಡಿಸು ಎರಡು, ಐದು ವರ್ಷಕ್ಕೆ ಎರಡು ಕಾಲೇಜಿನ ಎರಡು ಡಿಗ್ರಿ. ಆಯಮ್ಮ ವಿಶಾಲ ಮನಸ್ಸು, ವ್ಯಕ್ತಿತ್ವ ಎಂದೆಲ್ಲ ಅರ್ಧ ಗಂಟೆ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಎರಡು ವರ್ಷ ಮಾತ್ರ. ಮೊದಲ ಮೂರು ವರ್ಷವನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತು ಎಂದುಕೊಂಡೆ.

ಅವಳ ಮೊದಲ ವರ್ಷದ ಯುಗಾದಿಗೆ ಲೆಮಾಂಟಿಗೆ ಹೋಗಿದ್ದೆವು. ದರ್ಶನ ಮುಗಿಸಿ ಕೆಳಗಿನ ಊಟದ ಹಾಲಿನಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತಿದ್ದಾಗ ರಾಮಪ್ರಸಾದ್ ಬಂದರು. ನನಗಿಂತ ಹತ್ತು ವರ್ಷ ಹಿರಿಯರು, ಎಲ್ಲರ ಮಕ್ಕಳ ಜಾತಕವೂ ಅವರ ಬಾಯಲ್ಲಿರುತ್ತದೆ.

"ಮಗಳು ಎಲ್ಲಿ ಓದ್ತಿದಾಳೆ?"

"ಎಂಜಿನಿಯರಿಂಗ್ ಪ್ರೋಗ್ರಾಮಲ್ಲಿದಾಳೆ ಸಾರ್. ಡೆಟ್ರಾಯಿಟ್ ಕಡೆ."

"ಓ, ಅಲ್ಲೇ ಡಾರ್ಮಲ್ಲಿದಾಳಾ?"

"ಹೋಗ್ತಾಳೆ," ಎಂದೆ.

ನಿಧಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಕಾರು ಹತ್ತಿದ ಮೇಲೆ ಹಿಂದಿನ ಸೀಟಿನಿಂದ ಕೇಳಿದಳು: "ಅಪ್ಪಾ, ನಾನು ಇಲ್ಲೇ ಓದ್ತಿದೀನಲ್ಲ. ವೈ ಡಿಡ್ ಯು ಸೇ ಡೆಟ್ರಾಯಿಟ್?"

"ಎಲ್ರಿಗೂ ಪೂರ್ತಿ ಕತೆ ಹೇಳ್ತಾ ಕೂರೋಕಾಗುತ್ತಾ ಪುಟ್ಟಿ?" ಎಂದೆ. ಅವಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡಳು.

ಎರಡನೆಯ ವರ್ಷ ಅವಳಿಗೆ ವಾಲ್ಟ್ ಸಿಕ್ಕಿದ. ಗಾಬರಿಯಾಗಬೇಡಿ, ಹುಡುಗನಲ್ಲ, ಅರವತ್ತು ದಾಟಿದ ಫಿಸಿಕ್ಸ್ ಮೇಷ್ಟ್ರು. ಆ ಕಾಲೇಜಿನಲ್ಲಿ ಮೇಷ್ಟ್ರುಗಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮೈಸೂರಿನಲ್ಲಿ ನಮ್ಮ ಗಣಿತದ ಮೇಷ್ಟ್ರು ತರಕಾರಿ ಚೀಲ ಹಿಡಿದು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದವನು ನಾನು. ನನ್ನ ಮಗಳು ವಾರದ ಕೊನೆಗೆ ಡಾರ್ಮಿನಿಂದ, ಅಂದರೆ ಹಾಸ್ಟೆಲಿನಿಂದ, ಮನೆಗೆ ಬಂದು ಊಟಕ್ಕೆ ಕೂತಾಗ "ವಾಲ್ಟ್ ಹೀಗಂದ, ವಾಲ್ಟ್ ಹಾಗಂದ" ಎನ್ನುತ್ತಿದ್ದರೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವಾಲ್ಟನಿಗೆ ಮರಳಿನ ಹುಚ್ಚು. ಮಿಷಿಗನ್ ಸರೋವರದ ದಂಡೆಯಲ್ಲಿ ಕೆಲವು ಕಡೆ ಒಣ ಮರಳಿನ ಮೇಲೆ ಕಾಲೆಳೆದು ನಡೆದರೆ ಮರಳು ಕಿರ್ ಎಂದು ಕೂಗುತ್ತದೆ. ಹತ್ತು ಮೈಲಿ ಆಚೆಗೆ ಹೋದರೆ ಅಂಥದ್ದೇ ಮರಳು ತುಟಿ ಪಿಟಕ್ಕೆನ್ನುವುದಿಲ್ಲ. ಯಾಕೆ ಎನ್ನುವುದು ಅವನ ಪ್ರಶ್ನೆ. ಅದು ನನ್ನ ಮಗಳಿಗೂ ಅಂಟಿಕೊಂಡಿತು. ಡಬ್ಬಿಗಟ್ಟಲೆ ಮರಳು ತರುವುದು, ತೊಳೆಯುವುದು, ಒಣಗಿಸುವುದು, ಜರಡಿ ಹಿಡಿಯುವುದು, ಮೈಕ್ ಇಟ್ಟು ಅದರ ಕೂಗು ಕೇಳುವುದು. ಒಮ್ಮೆ ನಮ್ಮ ಮನೆಯ ರವೆ ಜರಡಿಯೇ ಕಾಣೆಯಾಯಿತು. ಎರಡು ವಾರದ ಮೇಲೆ ವಾಪಸ್ಸು ಬಂದ ಜರಡಿಯಲ್ಲಿ ಶೈಲಾ ಮಾಡಿದ ಉಪ್ಪಿಟ್ಟು ಹಲ್ಲಿನಡಿಯಲ್ಲಿ ಕರಕರ ಎಂದಿತು. ತಾಯಿ ಮಗಳು ಬಿದ್ದು ಬಿದ್ದು ನಕ್ಕರು.

ಜುಲೈಯಲ್ಲಿ ಒಂದು ಭಾನುವಾರ ನಮ್ಮಿಬ್ಬರನ್ನೂ ಆ ಸರೋವರದ ದಂಡೆಗೆ ಕರೆದುಕೊಂಡು ಹೋದಳು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಚಪ್ಪಲಿ ಬಿಚ್ಚಿಸಿ, "ಹೀಗೆ, ಕಾಲು ಎಳೀರಿ, ಎತ್ಬೇಡಿ," ಎಂದು ನಡೆಯಲು ಕಲಿಸಿದಳು. ಶೈಲಾ ಸೀರೆ ಎತ್ತಿ ಹಿಡಿದು ಐದು ವರ್ಷದ ಹುಡುಗಿಯ ಹಾಗೆ ಓಡಾಡಿದಳು. ನಾನೂ ನಾಲ್ಕು ಹೆಜ್ಜೆ ಎಳೆದೆ. ಕೂಗಿತು, ನಿಜವಾಗಿ ಕೂಗಿತು.

"ಅಪ್ಪಾ, ಕೇಳಿಸ್ತಾ?"

"ಕೇಳಿಸ್ತು. ಇದಕ್ಕೆ ಯಾರು ಕೆಲಸ ಕೊಡ್ತಾರೆ?"

ತಮಾಷೆಗೆ ಅಂದೆ ಎಂದು ಆಮೇಲೆ ಬಹಳ ಸಲ ಹೇಳಿಕೊಂಡಿದ್ದೇನೆ. ತಮಾಷೆಯಾಗಿರಲಿಲ್ಲ. ಅವಳ ಮುಖ ಸಣ್ಣದಾದದ್ದನ್ನು ನಾನು ನೋಡಿದೆ, ನೋಡಿಯೂ ಫೋನು ತೆಗೆದು ಆಫೀಸಿನ ಮೇಲ್ ಓದುತ್ತ ನಿಂತೆ.

ಮೂರನೆಯ ವರ್ಷದ ಚಳಿಗಾಲದ ರಜೆಗೆ ಮನೆಗೆ ಬಂದಾಗ, ನಾನು ಕಾಫಿ ಸೋಸುತ್ತಿದ್ದ ಹೊತ್ತಿಗೆ ಬಂದು ಕೌಂಟರಿಗೆ ಒರಗಿ ನಿಂತಳು.

"ಅಪ್ಪಾ, ಫೋರ್ತ್ ಇಯರ್ ನಾನು ಅಲ್ಲೇ ಸ್ಟೇ ಮಾಡ್ಲಾ? ವಾಲ್ಟ್ ಜೊತೆ ಪ್ರಾಜೆಕ್ಟ್ ಮುಗಿಸ್ತೀನಿ. ಫ್ರೆಂಡ್ಸ್ ಜೊತೆ ಗ್ರ್ಯಾಜುಯೇಟ್ ಆಗ್ತೀನಿ."

"ಮತ್ತೆ ಎಂಜಿನಿಯರಿಂಗು?"

"ಐ ಡೋಂಟ್ ನೋ. ಬೇಡ ಅನ್ಸುತ್ತೆ. ವಾಲ್ಟ್ ಥರ ಪಾಠ ಮಾಡ್ಬೇಕು ಅನ್ಸುತ್ತೆ."

ನಾನು ಬಹಳ ಆಧುನಿಕ ತಂದೆ ನೋಡಿ. ಕೂಗಾಡಲಿಲ್ಲ. "ನಿನ್ನ ಇಷ್ಟ ಪುಟ್ಟಿ. ಚೆನ್ನಾಗಿ ಯೋಚನೆ ಮಾಡು," ಎಂದೆ. ಅವಳು ಬಂದು ನನ್ನ ತಬ್ಬಿಕೊಂಡಳು, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಹೈಸ್ಕೂಲಿನ ನಂತರ ಅವಳು ಹಾಗೆ ತಬ್ಬಿಕೊಂಡದ್ದು ಅದೇ ಮೊದಲು.

ಡೆಟ್ರಾಯಿಟ್ ಕಡೆ ಹೋಗುವವರು ಜನವರಿಯ ಒಂದು ಶುಕ್ರವಾರದೊಳಗೆ ಕಾಲೇಜಿನ ಸೈಟಿನಲ್ಲಿ ಒಪ್ಪಿಗೆಯ ಫಾರಂ ಕಳಿಸಬೇಕಿತ್ತು. ಕಳಿಸಿದರೆ ಅವಳ ಸಲಹೆಗಾರನಾದ ವಾಲ್ಟ್ ಅದನ್ನು ಆ ಯೂನಿವರ್ಸಿಟಿಗೆ ದಾಟಿಸುತ್ತಾನೆ, ಕಳಿಸದಿದ್ದರೆ ನಾಲ್ಕನೆಯ ವರ್ಷ ಅಲ್ಲೇ. ನಿಧಿ ಕಳಿಸದೆ ದಿನ ದಾಟಿಸಿಬಿಡುತ್ತೇನೆ ಎಂದು ತಾಯಿಯ ಹತ್ತಿರ ಹೇಳುತ್ತಿದ್ದದ್ದು ನನಗೆ ಕೇಳಿಸಿತ್ತು. ವಾಲ್ಟನಿಗೆ ಸುದ್ದಿಯನ್ನು ರಜೆ ಮುಗಿಸಿ ಹೋಗಿ ಎದುರಿಗೇ ಹೇಳಬೇಕೆಂದಿದ್ದಳು.

ಆ ಶುಕ್ರವಾರ ಹೊರಗೆ ಅದೇ ಲೆಕ್ಕದಲ್ಲಿ ನಾಲ್ಕು ಡಿಗ್ರಿ, ಎಲ್ಲ ಹೆಪ್ಪುಗಟ್ಟುವ ಚಳಿ. ಶೈಲಾ ಫಾರ್ಮಸಿ ಕೆಲಸಕ್ಕೆ ಹೋಗಿದ್ದಳು, ನಿಧಿ ಮೇಲೆ ಮಲಗಿದ್ದಳು, ಬೆಳಗಿನ ಹತ್ತು ಗಂಟೆ. ಅಡುಗೆಮನೆಯ ಕಂಪ್ಯೂಟರಿನ ಮುಂದೆ ಕೂತೆ. ಕಾಲೇಜಿಗೆ ಸೇರುವ ಮೊದಲು ಅವಳ ಚುಚ್ಚುಮದ್ದಿನ ಫಾರಂಗಳನ್ನೆಲ್ಲ ತುಂಬಿದವನು ನಾನೇ, ಆ ಪಾಸ್‌ವರ್ಡ್ ಇಟ್ಟವನೂ ನಾನೇ. ಅವಳ ಫೋನಿಗೆ ಕೋಡ್ ಹೋಗುವ ಕಾಟ ಬೇಡವೆಂದು "ಈ ಕಂಪ್ಯೂಟರನ್ನು ನಂಬಬಹುದು" ಎಂಬಲ್ಲಿ ಟಿಕ್ ಹಾಕಿದವನೂ ನಾನೇ. ಚಾಮುಂಡಿ ಎಂದು ಟೈಪ್ ಮಾಡಿದೆ. ಸುಮ್ಮನೆ ನೋಡೋಣ ಎಂದು ನನಗೇ ಹೇಳಿಕೊಂಡೆ.

ನನ್ನ ಎಂಜಿನಿಯರಿಂಗ್ ಅರ್ಜಿಯನ್ನು ತುಂಬಿದವರು ನಮ್ಮಪ್ಪ. ಸರಸ್ವತಿಪುರಂನ ಮನೆಯ ವೆರಾಂಡದಲ್ಲಿ ಊಟದ ಮಣೆಯ ಮೇಲೆ ಅರ್ಜಿ ಇಟ್ಟುಕೊಂಡು, ಗೋಂದಿನ ಸೀಸೆ ಪಕ್ಕದಲ್ಲಿಟ್ಟುಕೊಂಡು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದರು. ನಾನು ಹೊರಗೆ ಕ್ರಿಕೆಟ್ ಆಡುತ್ತಿದ್ದೆ. ಕೊನೆಗೆ ಸಹಿಗೆ ಕರೆಯಬಹುದೆಂದುಕೊಂಡಿದ್ದೆ, ಕರೆಯಲಿಲ್ಲ. ನನ್ನ ಸಹಿಯನ್ನೂ ಅವರೇ ಹಾಕಿದ್ದರು, ನನಗಿಂತ ಚೆನ್ನಾಗಿ. ನನಗೆ ಬೇಜಾರಾಗಲಿಲ್ಲ, ಕೇಳಬೇಕಾದದ್ದೊಂದಿತ್ತು ಎಂದೇ ಹೊಳೆದಿರಲಿಲ್ಲ. ಇದನ್ನು ಕ್ಷಮೆಗೆಂದು ಹೇಳುತ್ತಿಲ್ಲ. ನಮ್ಮಪ್ಪನಾದರೂ ಎಲ್ಲರ ಕಣ್ಣೆದುರಿಗೆ ವೆರಾಂಡದಲ್ಲಿ ಕೂತು ಮಾಡಿದರು. ನಾನು ಮೆಟ್ಟಿಲ ಮೇಲೆ ಸದ್ದಾಗುತ್ತದೆಯೋ ಎಂದು ಕಿವಿ ನೆಟ್ಟುಕೊಂಡು ಒಪ್ಪಿಗೆ ಕಳಿಸುವ ಗುಂಡಿ ಒತ್ತಿದೆ.

ಆಮೇಲೆ ಅವಳಿಗೆ ಇಷ್ಟವೆಂದು ಗೋಡಂಬಿ ಹಾಕಿ ಉಪ್ಪಿಟ್ಟು ಮಾಡಿದೆ. ಹನ್ನೆರಡಕ್ಕೆ ಎದ್ದು ಬಂದು ಎರಡು ಸಲ ಹಾಕಿಸಿಕೊಂಡು ತಿಂದಳು.

ಕಾಲೇಜಿನ ಮೇಲ್ ಓದುವ ಮಕ್ಕಳನ್ನು ನಾನು ಕಂಡಿಲ್ಲ. ಅವಳ ಕಣ್ಣಿಗೆ ವಿಷಯ ಬಿದ್ದದ್ದು ಹತ್ತು ದಿನದ ಮೇಲೆ, ವಾಲ್ಟನ ಹತ್ತಿರ ಮಾತಾಡಲು ಹೊರಟ ದಿನವೇ. "ನಿಮ್ಮ ಕಾಗದಗಳನ್ನು ನಿಮ್ಮ ಸಲಹೆಗಾರರು ಯೂನಿವರ್ಸಿಟಿಗೆ ಕಳಿಸಿದ್ದಾರೆ" ಎಂದು ಆ ಮೇಲ್‌ನಲ್ಲಿತ್ತು, ಕೆಳಗೆ ವಾಲ್ಟನ ಹೆಸರಿತ್ತು. ನನಗೆ ಫೋನ್ ಮಾಡಿದಳು.

"ಅಪ್ಪಾ, ನಾನು ಸಬ್ಮಿಟ್ ಮಾಡ್ಲೇ ಇಲ್ಲ. ವಾಲ್ಟ್ ತಾನೇ ಕಳ್ಸಿಬಿಟ್ಟಿದಾನೆ."

ನಾನು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿದೆ.

"ಹೀ ಡಸಂಟ್ ವಾಂಟ್ ಮಿ, ಅಪ್ಪಾ. ಪಾಪ, ಎದುರಿಗೆ ಹೇಳೋಕಾಗಿಲ್ಲ."

"ಕೇಳಿ ನೋಡಿದ್ಯಾ?"

"ಯಾಕೆ ಕೇಳ್ಬೇಕು? ಐ ವೋಂಟ್ ಬೆಗ್."

ಆ ಜಂಬ ಅವಳಿಗೆ ನನ್ನಿಂದಲೇ ಬಂದದ್ದು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅವಳು ಅಳುತ್ತಿದ್ದಳು. ನನಗೆ ದುಃಖವಾಗಲಿಲ್ಲ, ನಾನು ಸಿಕ್ಕಿಬೀಳಲಿಲ್ಲವಲ್ಲ ಎಂದು ಸಮಾಧಾನವಾಯಿತು. ಮನುಷ್ಯ ಎಷ್ಟು ಕೀಳಾಗಬಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. "ಆಗಿದ್ದೆಲ್ಲ ಒಳ್ಳೇದಕ್ಕೇ ಪುಟ್ಟಿ," ಎಂದು ಬೇರೆ ಹೇಳಿದೆ.

ಮೇ ತಿಂಗಳಲ್ಲಿ ಅವಳ ಸಾಮಾನು ತರಲು ಹೋದಾಗ ವಾಲ್ಟನನ್ನು ಮೊದಲ ಸಲ ನೋಡಿದೆ. ನಿಧಿ ಡಾರ್ಮಿನೊಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಬಿಳಿ ಗಡ್ಡದ, ಉದ್ದ ಕಾಲಿನ ಮನುಷ್ಯ, ಪಾರ್ಕಿಂಗ್ ಲಾಟಿನಲ್ಲಿ ಮಗಳ ಹೋಲಿಕೆಯಿಂದಲೇ ನನ್ನನ್ನು ಗುರುತು ಹಿಡಿದು ಬಂದು ಕೈ ಕುಲುಕಿದ. "ಅವಳು ಉಳಿಯುತ್ತಾಳೆ ಎಂದು ಬಹಳ ಆಸೆ ಇಟ್ಟುಕೊಂಡಿದ್ದೆ, ಆದರೆ ಫಾರಂ ಬಂದಾಗ ಅವಳ ನಿರ್ಧಾರವನ್ನು ಗೌರವಿಸಬೇಕು ಎಂದು ಬಾಯಿ ಮುಚ್ಚಿಕೊಂಡೆ, ನನ್ನಂಥ ಮುದುಕ ಒತ್ತಾಯ ಮಾಡಿದ ಹಾಗಾಗಬಾರದಲ್ಲ," ಎಂದ. "ಈಚೆಗೆ ನನ್ನ ಕಂಡರೆ ಮುಖ ತಿರುಗಿಸುತ್ತಾಳೆ, ನಾನೇನಾದರೂ ತಪ್ಪು ಮಾಡಿದೆನೇ?" ಎಂದು ಕೇಳಿದ.

"ಇಲ್ಲ ಇಲ್ಲ, ಅವಳಿಗೆ ಸ್ವಲ್ಪ ನಾಚಿಕೆ ಸ್ವಭಾವ," ಎಂದು ಇಂಗ್ಲಿಷಿನಲ್ಲಿ ಹೇಳಿ ಥ್ಯಾಂಕ್ಸ್ ಕೊಟ್ಟೆ. ಅವನು ಹೋಗುವವರೆಗೂ ಕಾರಿನ ಡಿಕ್ಕಿಯಲ್ಲಿದ್ದ ಚೀಲಗಳನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಇಡುತ್ತಿದ್ದೆ.

ಮುಂದಿನ ಎರಡು ವರ್ಷ ರಾಮಪ್ರಸಾದರ ಎದುರು ನಾನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಎದೆ ಉಬ್ಬಿಸಿಕೊಂಡು ಹೇಳಬಹುದಿತ್ತು, ಅವರು ಆ ಹೊತ್ತಿಗೆ ಕೇಳುವುದನ್ನೇ ಬಿಟ್ಟಿದ್ದರು. ನಾಲ್ಕನೆಯ ವರ್ಷದ ಕೊನೆಗೆ ಅವಳ ಹಳೆಯ ಗೆಳತಿಯರೆಲ್ಲ ಇಲ್ಲಿ ಗೌನು ಹಾಕಿಕೊಂಡು ವೇದಿಕೆ ಹತ್ತಿದರು. ನಿಧಿ ಅಲ್ಲಿ ತನ್ನ ರೂಮಿನಲ್ಲಿ ಕೂತು ಅದನ್ನು ಫೋನಿನಲ್ಲಿ ನೋಡಿದಳಂತೆ. ಐದನೆಯ ವರ್ಷದ ಕೊನೆಗೆ ಎಂಜಿನಿಯರಿಂಗ್ ಡಿಗ್ರಿ ದೊಡ್ಡ ಸ್ಟೇಡಿಯಂನಲ್ಲಿ ಸಿಕ್ಕಿತು, ಅವಳ ಹೆಸರನ್ನು ತಪ್ಪಾಗಿ ಓದಿದರು. ಇನ್ನೊಂದು ಡಿಗ್ರಿ ಒಂದು ತಿಂಗಳ ಮೇಲೆ ಅಂಚೆಯಲ್ಲಿ ಬಂತು. ಪಿಜ್ಜಾ ಜಾಹೀರಾತುಗಳ ನಡುವೆ ರಟ್ಟಿನ ಲಕೋಟೆಯಲ್ಲಿ ಬಿದ್ದಿತ್ತು. ಕಳಿಸಿಕೊಡಲಾ ಎಂದರೆ, "ನೀನೇ ಇಟ್ಕೋ ಅಪ್ಪಾ," ಎಂದಳು. ಎರಡಕ್ಕೂ ಚೌಕಟ್ಟು ಹಾಕಿಸಿ ನಮ್ಮ ಫ್ಯಾಮಿಲಿ ರೂಮಿನಲ್ಲಿ ನೇತುಹಾಕಿದ್ದೇನೆ. ಬಂದವರಿಗೆ ಎರಡನ್ನೂ ತೋರಿಸುತ್ತೇನೆ.

ಈಗ ನಿಧಿ ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿ ಕಾರಿನ ಸೀಟು ಮಾಡುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಸೀಟುಗಳು ಕಿರ್ ಎನ್ನದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಯಂತ್ರದ ಕುಂಡೆಯೊಂದು ದಿನವಿಡೀ ಸೀಟಿನ ಮೇಲೆ ಕೂತು ಏಳುತ್ತದೆ, ಇವಳು ಮೈಕ್ ಇಟ್ಟು ಎಲ್ಲಿ ಸದ್ದು ಬರುತ್ತದೆ ಎಂದು ಹುಡುಕಿ ಅದನ್ನು ಅಡಗಿಸುತ್ತಾಳೆ. ಒಳ್ಳೆಯ ಸಂಬಳ, ಒಳ್ಳೆಯ ಹೆಸರು. ಕೆಲಸ ಹೇಗಿದೆ ಎಂದು ಕೇಳಿದಾಗಲೆಲ್ಲ "ಫೈನ್" ಎನ್ನುತ್ತಾಳೆ. ಫೈನ್ ಎಂಬ ಮಾತಿಗೆ ಮುಂದೆ ಏನನ್ನೂ ಕೇಳಲಾಗುವುದಿಲ್ಲ.

ಈ ವಸಂತದಲ್ಲಿ ವಾಲ್ಟ್ ನಿವೃತ್ತನಾದ. ಹಳೆಯ ವಿದ್ಯಾರ್ಥಿಗಳೆಲ್ಲ ಒಂದು ಶನಿವಾರ ಸೇರುತ್ತಾರೆಂದು ನಿಧಿಗೂ ಕರೆ ಬಂತು. ತಾನು ಹೋಗುವುದಿಲ್ಲ ಎಂದು ಫೋನಿನಲ್ಲಿ ತಾಯಿಗೆ ಹೇಳಿದಳು. ಅದರ ಹಿಂದಿನ ಶನಿವಾರ ನಾನು ಚಟ್ನಿಪುಡಿ, ಹುಳಿಪುಡಿಗಳ ನೆಪ ಮಾಡಿಕೊಂಡು ಒಬ್ಬನೇ ಪ್ಲಿಮತ್‌ಗೆ ಹೊರಟೆ. ಇನ್ನೂರೆಪ್ಪತ್ತು ಮೈಲಿ. ಒಂದೊಂದು ಎಕ್ಸಿಟ್ ದಾಟಿದಾಗಲೂ ಹೇಳಬೇಕಾದ ವಾಕ್ಯವನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಮೊದಲು "ಪುಟ್ಟಿ, ನಾನೊಂದು ತಪ್ಪು ಮಾಡಿದೀನಿ" ಎಂದಿದ್ದ ವಾಕ್ಯ ಇಂಡಿಯಾನಾ ದಾಟುವ ಹೊತ್ತಿಗೆ "ಪುಟ್ಟಿ, ಆವಾಗ ಒಂದು ಗೊಂದಲ ಆಗಿತ್ತು" ಎಂದಾಗಿತ್ತು. ಮಿಷಿಗನ್ ರಾಜ್ಯಕ್ಕೆ ಕಾಲಿಟ್ಟರೆ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಆ ಒಂದು ಗಂಟೆಯೂ ನನಗೆ ಬೇಕಾಗಿತ್ತು.

ಅವಳು ಸಾರು ಮಾಡಿಟ್ಟಿದ್ದಳು. ಊಟಕ್ಕೆ ಕೂತ ಮೇಲೆ ಶುರುಮಾಡಿದೆ.

"ವಾಲ್ಟ್ ಫಂಕ್ಷನ್‌ಗೆ ಹೋಗಿ ಬಾ ಪುಟ್ಟಿ. ವಯಸ್ಸಾದ ಮನುಷ್ಯ."

"ನೋ, ಅಪ್ಪಾ."

"ಅವನು ನಿನ್ನನ್ನ ಬೇಡ ಅಂದಿರ್ಲಿಕ್ಕಿಲ್ಲ..."

"ನೀನು ಯಾವಾಗ್ಲೂ ಎಲ್ಲರ ಬಗ್ಗೆ ಒಳ್ಳೇದೇ ಹೇಳ್ತೀಯ." ಚಮಚ ಕೆಳಗಿಟ್ಟು ನನ್ನ ಕಡೆ ನೋಡಿದಳು. "ಎಲ್ರೂ ನನ್ನ ಪುಶ್ ಮಾಡಿದ್ರು, ಯು ನೋ. ಕೌನ್ಸೆಲರ್, ಟೆಂಪಲ್ ಅಂಕಲ್‌ಗಳು, ಕೊನೇಲಿ ವಾಲ್ಟ್ ಕೂಡ. ನೀನೊಬ್ನೇ 'ನಿನ್ನ ಇಷ್ಟ' ಅಂದಿದ್ದು. ಅದನ್ನ ನಾನು ಮರೆತಿಲ್ಲ ಅಪ್ಪಾ."

ಹೇಳುವುದಾದರೆ ಅದೇ ಹೊತ್ತು. ಬಾಯಿ ತೆರೆದೆ.

"ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ," ಎಂದೆ.

ಅವಳು ಎದ್ದು ಹೋಗಿ ಉಪ್ಪು ತಂದುಕೊಟ್ಟಳು. ಮರುದಿನ ಬೆಳಿಗ್ಗೆ ಹೊರಡುವಾಗ ದಾರಿಗೆಂದು ಸ್ಯಾಂಡ್‌ವಿಚ್ ಕಟ್ಟಿಕೊಟ್ಟಳು. ಮುಂದಿನ ಶನಿವಾರ ವಾಲ್ಟನ ಸಮಾರಂಭ ಅವಳಿಲ್ಲದೆ ಮುಗಿಯಿತು.

ನೆಲದಿಂದ ಎದ್ದವನು ಇಷ್ಟನ್ನೂ ಕೂತು ಬರೆದೆ. ಬರೆದು ಮುಗಿಸಿ ಶೈಲಾಳ ಕೈಗೆ ಕೊಟ್ಟೆ. ಅಲ್ಲಿಯವರೆಗೆ ಅವಳಿಗೂ ಗೊತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಓದಿದಳು, ಕನ್ನಡಕ ತೆಗೆದು ಒರೆಸಿಕೊಂಡು ಕೊನೆಯ ಪುಟವನ್ನು ಇನ್ನೊಮ್ಮೆ ಓದಿದಳು.

"ಇಷ್ಟು ವರ್ಷ ಆ ಮನುಷ್ಯನಿಗೆ ಶಾಪ ಹಾಕಿದೀನಲ್ಲ ನಾನು," ಎಂದಳು.

ನಾನು ಕೆಂಪು ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.

"ನಿಧಿಗೆ ಓದೋಕೆ ಬರಲ್ಲ ಅಂತ್ಲೇ ಕನ್ನಡದಲ್ಲಿ ಬರೆದ್ರಿ ಅಲ್ವಾ?"

ಅವಳು ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು ಹಾಳೆಗಳನ್ನು ನನ್ನ ಮುಂದೆ ಹಿಡಿದಳು.

"ಓದೋಕೆ ಬರ್ದಿದ್ರೇನಂತೆ, ಹೇಳಿದ್ರೆ ಎಲ್ಲ ಅರ್ಥವಾಗುತ್ತೆ ಅವಳಿಗೆ. ಈಗ್ಲೇ ಫೋನ್ ಹಚ್ತೀನಿ. ನೀವು ಓದಿ ಹೇಳ್ತೀರಾ?"

"ಬೇಡ," ಎಂದೆ. ಜೀವನದಲ್ಲಿ ಯಾವ ಪ್ರಶ್ನೆಗೂ ನಾನು ಅಷ್ಟು ಬೇಗ ಉತ್ತರ ಕೊಟ್ಟವನಲ್ಲ.